ನಾಲ್ಕು ಸೆಕೆಂಡು

ಯೋರ್ಡಿಸಳ ಎಡಗಿವಿ ಎಂದೋ ಸತ್ತಿದೆ,
ಮರ ಕೊಯ್ಯುವ ಕಾರ್ಖಾನೆಯಲ್ಲಿ, ಇಪ್ಪತ್ತರ ಹರೆಯದಲ್ಲೇ.
ಬಲಗಿವಿಗೆ ತಾಮ್ರದ ಕೊಳವೆ ಹಚ್ಚಿ
ಅದರ ಇನ್ನೊಂದು ತುದಿಯನ್ನು ಎಂಜಿನ್ನಿನ ಎದೆಗೊತ್ತಿ
ಕಣ್ಣು ಮುಚ್ಚುತ್ತಾಳೆ.
ಹೊರಗೆ ಮೈನಸ್ ಇಪ್ಪತ್ತಾರು.
ನಾನು ಚೀಟಿ ಹಿಡಿದು ನಿಂತಿದ್ದೇನೆ
ವರ ಬೇಡುವವಳ ಹಾಗೆ.

ಚೀಟಿಯಲ್ಲಿದ್ದದ್ದು:
ದೊಡ್ಡ ಟರ್ಬೊ. ಮೂರಿಂಚಿನ ಹೊಗೆಕೊಳವೆ.
ಮುನ್ನೂರೈವತ್ತು ಕುದುರೆ.

"ಅಷ್ಟು ಕುದುರೆ ಕಟ್ಟುವುದೆಲ್ಲಿ?" ಎಂದಳು.
"ಇಪ್ಪತ್ತೇಳು ವರ್ಷದ ಕಾರು. ಈ ಗೇರ್‌ಬಾಕ್ಸು
ಇನ್ನೂರೈವತ್ತರ ಮೇಲೆ ಮಾತು ಕೇಳುವುದಿಲ್ಲ.
ಮೂರನೇ ಗೇರಿನ ಹಲ್ಲು ಮೊದಲು ಉದುರುತ್ತದೆ,
ಆಮೇಲೆ ನಿನ್ನವು."
ನಗಲಿಲ್ಲ. "ಯಾಕೆ ಬೇಕು, ಅದನ್ನು ಹೇಳು."

ಯಾಕೆ ಬೇಕು.
ನಾನು ಅಂಚೆಯವಳು. ಯೊಕ್‌ಮೊಕ್‌ನಿಂದ ಕಡೆಯ ಡಬ್ಬಿಗೆ
ಎಂಬತ್ತೊಂದು ಕಿಲೋಮೀಟರು.
ನಡುವೆ ಒಂದು ಏರು, ಏರಿನಲ್ಲೊಂದು ಮರದ ಲಾರಿ,
ದಿನವೂ ಅದೇ ಲಾರಿಯೇನೋ ಅನ್ನುವಂತೆ
ಅರವತ್ತು ಟನ್ನು ತೂಗುತ್ತ
ಹಿಂದೆ ಬಂದವರ ಕಣ್ಣಿಗೆ ಹಿಮದ ಧೂಳೆರಚುತ್ತ.
ದಾಟಲು ಹನ್ನೊಂದು ಸೆಕೆಂಡು.
ಹನ್ನೊಂದು ಸೆಕೆಂಡು ಎದುರಿನವರ ದಾರಿಯಲ್ಲಿ.
ಎಣಿಸಿದ್ದೇನೆ. ಜೋರಾಗಿಯೇ ಎಣಿಸುತ್ತೇನೆ.

"ಹಾಗಾದರೆ ನಿನಗೆ ಬೇಕಾದ್ದು ಕುದುರೆಯಲ್ಲ,
ನಾಲ್ಕು ಸೆಕೆಂಡು" ಎಂದವಳೇ
ಚೀಟಿ ತಿರುವಿ ಎಣ್ಣೆಗೈಯಲ್ಲಿ ಬರೆದಳು:

ಪಂಪು ಒಂದು.
ಇಂಜೆಕ್ಟರು ನಾಲ್ಕು, ಇರುವುದಕ್ಕಿಂತ ಒಂದಳತೆ ದೊಡ್ಡವು.
ಗಾಳಿಯೊತ್ತಡ ಮುಕ್ಕಾಲು ಬಾರಿನಿಂದ ಒಂದಕ್ಕೆ;
ಒಂದು ಅಂದರೆ ಒಂದು.
ಅರ್ಧ ಪೆಟ್ರೋಲು, ಅರ್ಧ ಎಥೆನಾಲು.
"ಸಾರಾಯಿ ಕುಡಿದರೆ ಎಂಜಿನ್ನಿಗೆ ತಲೆ ತಣ್ಣಗಾಗುತ್ತದೆ,
ನಮ್ಮಪ್ಪನ ತದ್ವಿರುದ್ಧ.
ಪೂರಾ ಕುಡಿಸಿದೆಯೋ, ಈ ಚಳಿಯಲ್ಲಿ ಬೆಳಿಗ್ಗೆ ಏಳುವುದಿಲ್ಲ.
ಅದು ಮಾತ್ರ ಅಪ್ಪನ ಹಾಗೆಯೇ."

ಎರಡು ರಾತ್ರಿ ಲ್ಯಾಪ್‌ಟಾಪಿನ ನೀಲಿ ಬೆಳಕಲ್ಲಿ
ಅಂಕಿಯ ಚೌಕಗಳನ್ನು ಒಂದೊಂದಾಗಿ ತಿದ್ದಿದಳು.
ಸರೋವರದ ಪಕ್ಕದ ಖಾಲಿ ರಸ್ತೆಯಲ್ಲಿ
ನಾನು ಒತ್ತುವುದು, ಅವಳು ನೋಡುವುದು.
ಒಮ್ಮೆ, ಒಂದೇ ಒಮ್ಮೆ,
ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಸದ್ದು.
"ಬಿಡು!"
ಅಷ್ಟರಲ್ಲೇ ಕಾಲು ತೆಗೆದಿದ್ದೆ.
ಹೊತ್ತಿಗೆ ಮುಂಚೆ ಹೊತ್ತಿದ ಬೆಂಕಿ ಹೀಗೆ ಕೂಗುತ್ತದೆ;
ತಡವಾಗಿ ಹೊತ್ತಿದ್ದು ಕೂಗದೆ ಸುಡುತ್ತದೆ.
ಹದವೆಂಬುದು ಇವೆರಡರ ನಡುವಿನ ಇಕ್ಕಟ್ಟು ಜಾಗ.
ಎರಡು ಡಿಗ್ರಿ ಹಿಂದಕ್ಕೆಳೆದಳು,
ಆಮೇಲೆ, ನನ್ನ ಮುಖ ನೋಡಿ, ಇನ್ನೊಂದು.

ಬಿಲ್ಲು ಕಟ್ಟಿದೆ. ಉಳಿದ ನೋಟು ಜೇಬು ಸೇರುವ ಮೊದಲೇ
"ಅದಕ್ಕೆ ಬ್ರೇಕು ಹಾಕಿಸು" ಎಂದಳು.
ಹಾಕಿಸಿದೆ.

ಮಂಗಳವಾರ. ಏರು. ಲಾರಿ.
ಮೂರನೇ ಗೇರಿಗಿಳಿಸಿ ಕಾಲೊತ್ತಿದೆ.
ಟರ್ಬೊ ಒಂದು ಗಳಿಗೆ ಯೋಚಿಸಿತು,
ಆಮೇಲೆ ಸಣ್ಣಗೆ ಸಿಳ್ಳೆ ಹಾಕುತ್ತ ಉಸಿರೆಳೆದುಕೊಂಡಿತು.
ಒಂದು, ಎರಡು. ಕಿಟಕಿಯ ಪಕ್ಕ ಮರದ ದಿಮ್ಮಿಗಳ ವೃತ್ತ ವೃತ್ತ ಮುಖ.
ನಾಲ್ಕು. ಐದು. ಚಾಲಕನ ಬಾಗಿಲು.
ಏಳಕ್ಕೆ ನನ್ನ ದಾರಿಯಲ್ಲಿದ್ದೆ.
ಬಾಯಿ ಮಾತ್ರ ಚಟಕ್ಕೆ ಎಣಿಸುತ್ತಲೇ ಇತ್ತು,
ಎಂಟು, ಒಂಬತ್ತು, ಹತ್ತು.
ಹನ್ನೊಂದಕ್ಕೆ
ಏರಿನ ನೆತ್ತಿಯಿಂದ ಹಿಮ ತಳ್ಳುವ ಗಾಡಿ ಇಳಿದು ಬಂತು
ರಸ್ತೆಯಗಲ ಅಲಗು ಚಾಚಿ, ಹಳದಿ ದೀಪ ತಿರುಗಿಸುತ್ತ.
ಚಾಲಕ ಕೈಯೆತ್ತಿದ.
ನಾನೂ ಎತ್ತಿದೆ.

ಸಂಜೆ ಪಂಪಿನಲ್ಲಿ
ಒಂದು ನಳಿಕೆಯಿಂದ ಇಪ್ಪತ್ತು ಲೀಟರು, ಇನ್ನೊಂದರಿಂದ ಇಪ್ಪತ್ತು.
ಮೀನಿನ ಸಾರಿಗೆ ಉಪ್ಪನ್ನು
ಇವತ್ತಿಗೂ ಕಣ್ಣಂದಾಜಿನಲ್ಲೇ ಹಾಕುವವಳು ನಾನು.
ಇಲ್ಲಿ ಕೈಗವಸನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತು
ಬೆರಳು ಮರಗಟ್ಟುವ ತನಕ ಅಂಕಿಯನ್ನೇ ನೋಡುತ್ತ
ಹನಿಹನಿಗೆ ನಿಲ್ಲಿಸಿದೆ.